ಹುಣಸೆ ಮರಕ್ಕೂ ಹಳ್ಳಕ್ಕೂ ನಡುವೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಪ್ರೋಗ್ರಾಂ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿತು. ರಾಯಚೂರಿನಿಂದ ಮಾನ್ವಿಗೆ ಹೋಗುವ ವಿದ್ಯುತ್ ಲೈನಿನ ನಡುವಿನ ಸ್ವಿಚ್ಚು ಯಾವುದು ಎಂದು ರಾಯಚೂರಿನ ತುದಿಯಿಂದ ಕೇಳಿದರೆ ‘ಹಳ್ಳದ ಸ್ವಿಚ್ಚು’ ಎಂದಿತು. ಮಾನ್ವಿಯ ತುದಿಯಿಂದ ಕೇಳಿದರೆ ‘ಹುಣಸೆ ಮರದ ಸ್ವಿಚ್ಚು’ ಎಂದಿತು. ಗಡಿಯಾರ ನೋಡಿದ್ದು ನೆನಪಿದೆ, ನಾಲ್ಕು ಗಂಟೆಗೆ ಚಹಾ ಬರುವುದರೊಳಗೆ ತಪ್ಪು ಹುಡುಕಿಬಿಡಬೇಕು ಎಂದುಕೊಂಡಿದ್ದೆ. ಅದೇ ಹೊತ್ತಿಗೆ ಆ ಎರಡು ಸ್ವಿಚ್ಚುಗಳ ನಡುವಿನ ಒಂದು ಕಂಬವನ್ನು ನಮ್ಮ ಲೈನ್‌ಮನ್ ಯಂಕೋಬ ಹತ್ತುತ್ತಿದ್ದಾನೆ ಎಂಬುದು ನನಗೆ ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ, ಹೊಸದಾಗಿ ಈ ಕೆಲಸಕ್ಕೆ ಸೇರಿದ ಮಕ್ಕಳು ಆಗಾಗ ಮನೆಗೆ ಬಂದು ಹಳೆಯ ಕಾಲದ ಬಗ್ಗೆ ಕೇಳುತ್ತಾರೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬರೆದು ಅವರಿಗೇನೂ ಲಾಭವಿಲ್ಲ. ಈ ಒಂದು ಮಧ್ಯಾಹ್ನವನ್ನು ಮಾತ್ರ ಸರಿಯಾಗಿ ಹೇಳಬೇಕು ಎನಿಸುತ್ತದೆ. ಇವತ್ತಿಗೂ ಫೋನಿನ ಗಂಟೆ ಉದ್ದವಾಗಿ ಹೊಡೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ.

ನಾನು ರಾಯಚೂರಿನಲ್ಲೇ ಬಿ.ಎಸ್ಸಿ. ಮುಗಿಸಿ ಎಪ್ಪತ್ತರ ದಶಕದ ಕೊನೆಯಲ್ಲಿ ವಿದ್ಯುತ್ ಕಚೇರಿಗೆ ಸೇರಿದೆ. ಮೊದಲು ನಕ್ಷೆ ವಿಭಾಗದಲ್ಲಿ ಕೂತು ಲೈನುಗಳ ಚಿತ್ರ ಬರೆಯುತ್ತಿದ್ದೆ. ಹತ್ತು ವರ್ಷ ಆಗುವ ಹೊತ್ತಿಗೆ ಕಂಪ್ಯೂಟರ್ ಬಂತು. ಇಡೀ ಕಚೇರಿಯಲ್ಲಿ ಎ.ಸಿ. ಇದ್ದದ್ದು ಅದಕ್ಕೊಂದೇ. ರಾಯಚೂರಿನ ಬಿಸಿಲಿಗೆ ಬೆಂದ ಜನ ಏನಾದರೊಂದು ನೆಪ ಹೇಳಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಪ್ಯೂಟರಿಗೆ ಕೈ ಮುಗಿದು, ಗಾಳಿ ತಾಗುವ ಕಡೆ ನಿಂತುಬಿಡುತ್ತಿದ್ದರು. ನನ್ನನ್ನು ಕೆಲವು ವಾರ ತರಬೇತಿಗೆ ಕಳಿಸಿದರು. ಅಲ್ಲಿ ಪಾಸ್ಕಲ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ಲಿಂಕ್ಡ್ ಲಿಸ್ಟ್, ಅಂದರೆ ಕೊಂಡಿ ಹಾಕಿದ ಪಟ್ಟಿ, ಎಂಬ ಪದ ಮೊದಲು ಕೇಳಿದ್ದು ಅಲ್ಲೇ.

ಅದು ನನಗೆ ಕೂಡಲೇ ಅರ್ಥವಾಗಿತ್ತು. ನಾನು ವರ್ಷಗಟ್ಟಲೆ ಬರೆದಿದ್ದ ಲೈನುಗಳು ಅದೇ ಥರ ಇದ್ದವು. ಒಂದು ಲೈನಿನ ಮೇಲೆ ಅಲ್ಲಲ್ಲಿ ಕಂಬಕ್ಕೆ ಸ್ವಿಚ್ಚು ಇರುತ್ತದೆ. ಕೆಳಗೆ ನಿಂತು ಹ್ಯಾಂಡಲ್ ಎಳೆದರೆ ಲೈನು ಅಲ್ಲಿಗೆ ತುಂಡಾಗುತ್ತದೆ, ಇದನ್ನೇ ನಾವು ಸ್ವಿಚ್ಚು ತೆಗೆಯುವುದು ಎನ್ನುತ್ತೇವೆ. ಲಿಂಕ್ಡ್ ಲಿಸ್ಟಿನಲ್ಲಿ ಪ್ರತಿಯೊಂದು ಸ್ವಿಚ್ಚಿಗೂ ತನ್ನ ಮುಂದಿನದು ಯಾವುದು ಎಂಬುದಷ್ಟೇ ಗೊತ್ತು. ಹಿಂದಿನದು ಗೊತ್ತಿಲ್ಲ, ಒಟ್ಟು ಎಷ್ಟಿವೆ ಎಂಬುದೂ ಗೊತ್ತಿಲ್ಲ. ನಡುವೆ ಹೊಸ ಸ್ವಿಚ್ಚು ಬಂದರೆ ಒಂದು ಕೊಂಡಿ ಬಿಚ್ಚಿ ಎರಡು ಕೊಂಡಿ ಹಾಕಿದರೆ ಮುಗಿಯಿತು, ಉಳಿದವಕ್ಕೆ ಮತ್ತೆ ನಂಬರ್ ಕೊಡುವ ಗೋಜಿಲ್ಲ.

ಆದರೆ ಎಷ್ಟಿವೆ ಎಂದು ಗೊತ್ತಿಲ್ಲದ ಮೇಲೆ ನಡುವಿನದನ್ನು ಹುಡುಕುವುದು ಹೇಗೆ? ಅದಕ್ಕೊಂದು ಉಪಾಯವಿದೆ. ಮೊದಲ ಸ್ವಿಚ್ಚಿನಿಂದ ಇಬ್ಬರನ್ನು ಒಟ್ಟಿಗೆ ಹೊರಡಿಸಬೇಕು. ಒಬ್ಬ ಒಂದೊಂದೇ ಸ್ವಿಚ್ಚು ದಾಟುತ್ತ ನಡೆಯುತ್ತಾನೆ, ಇನ್ನೊಬ್ಬ ಎರಡೆರಡು ದಾಟುತ್ತ ಓಡುತ್ತಾನೆ. ಓಡುವವನಿಗೆ ಲೈನು ಮುಗಿದಾಗ ನಡೆಯುವವನು ನಡುವೆ ನಿಂತಿರುತ್ತಾನೆ. ಇದನ್ನು ನಾನು ನಮ್ಮ ಕಂಟ್ರೋಲ್ ರೂಮಿನ ಆಪರೇಟರ್ ನರಸಿಂಗರಾಯರಿಗೆ ವಿವರಿಸಿದಾಗ ಅವರು ಎಲೆಯಡಿಕೆ ಜಗಿಯುತ್ತ ಕೇಳಿದ್ದರು: “ಓಡಾಂವಗ ಟಿ.ಎ. ಜಾಸ್ತಿ ಕೊಡ್ತೀರೇನು?”

ನನಗೇಕೆ ನಡುವಿನ ಸ್ವಿಚ್ಚು ಬೇಕಿತ್ತು ಎಂದರೆ ನಮ್ಮಲ್ಲಿ ಲೈನು ಕೆಟ್ಟಾಗ ಹುಡುಕುವ ಕ್ರಮವೇ ಅದಾಗಿತ್ತು. ಇಡೀ ಲೈನು ನಡೆದು ನೋಡಲು ಒಂದು ದಿನ ಹಿಡಿಯುತ್ತದೆ. ಅದರ ಬದಲು ನಡುವಿನ ಸ್ವಿಚ್ಚು ತೆಗೆದು ಲೈನನ್ನು ಎರಡು ಭಾಗ ಮಾಡುತ್ತಿದ್ದರು. ಕೆಟ್ಟ ಭಾಗವನ್ನು ಮತ್ತೆ ನಡುವೆ ಕತ್ತರಿಸುತ್ತಿದ್ದರು. ಬೇಗ ಜಾಗ ಸಿಗುತ್ತಿತ್ತು. ಅಲ್ಲದೆ ಮಾನ್ವಿಗೆ ಸಿಂಧನೂರು ಕಡೆಯಿಂದಲೂ ಕರೆಂಟು ತರಬಹುದಾಗಿತ್ತು. ಹಾಗಾಗಿ ದೋಷ ರಾಯಚೂರಿನ ಅರ್ಧದಲ್ಲಿದ್ದರೆ ಮಾನ್ವಿಯವರು ತಮ್ಮ ಅರ್ಧವನ್ನು ಆ ಕಡೆಯಿಂದ ಚಾಲೂ ಮಾಡಿಕೊಳ್ಳುತ್ತಿದ್ದರು. ಊರು ಕತ್ತಲಾಗುತ್ತಿರಲಿಲ್ಲ. ಎರಡೂ ಕಡೆಯ ಆಪರೇಟರುಗಳು ತಮ್ಮ ತಮ್ಮ ತುದಿಯಿಂದ ಎಣಿಸಿ, ಅರ್ಧಕ್ಕೆ ಬರುವ ಸ್ವಿಚ್ಚನ್ನು ನಡುವಿನದು ಎನ್ನುತ್ತಿದ್ದರು. ಫೋನಿನಲ್ಲಿ ‘ನಡುವಿಂದು ತಗದೀವಿ’ ಎಂದರೆ ಸಾಕು. ಇಪ್ಪತ್ತು ವರ್ಷ ಹಾಗೇ ನಡೆದಿತ್ತು.

ಈ ಎಣಿಕೆಯನ್ನು ಕಂಪ್ಯೂಟರಿಗೆ ಹಾಕಿ, ಪ್ರತಿ ಲೈನಿಗೂ ನಡುವಿನ ಸ್ವಿಚ್ಚಿನ ಹೆಸರು ಮುದ್ರಿಸಿ ಎಲ್ಲ ಕಡೆ ಕಳಿಸೋಣ ಎಂದು ನಮ್ಮ ಸಾಹೇಬರು ಹೇಳಿದ್ದರು. ಮೊದಲು ಹಾಕಿದ್ದು ದೇವದುರ್ಗದ ಲೈನು. ಬೆಳಿಗ್ಗೆ ಪ್ರೋಗ್ರಾಂ ಓಡಿಸಿದೆ, ಊಟದ ಹೊತ್ತಾದರೂ ಉತ್ತರವಿಲ್ಲ. ಹಸಿರು ಕರ್ಸರ್ ಮಿಟುಕುತ್ತಲೇ ಇತ್ತು. ಆಮೇಲೆ ನೋಡಿದರೆ ಕೊನೆಯ ಸ್ವಿಚ್ಚಿನ ಮುಂದೆ ‘ಮುಗಿಯಿತು’ ಎಂದು ಹಾಕುವ ಬದಲು ಎರಡನೇ ಸ್ವಿಚ್ಚಿನ ಹೆಸರು ಹೋಗಿತ್ತು. ಪಾಪ, ಓಡುವವನು ಕೊನೆಯೇ ಇಲ್ಲದೆ ಸುತ್ತು ಹಾಕುತ್ತಿದ್ದ. ಅಂದಿನಿಂದ ನರಸಿಂಗರಾಯರು ನನ್ನ ಕೋಣೆಯ ಬಾಗಿಲಲ್ಲಿ ಇಣುಕಿ, “ಸುಶೀಲವ್ವಾ, ನಿನ್ನ ಆಳು ದೇವದುರ್ಗ ಮುಟ್ಟಿದನೇನು?” ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

ಹಾಗಾಗಿ ಆ ದಿನ ಮಾನ್ವಿ ಲೈನಿಗೆ ಎರಡು ಉತ್ತರ ಬಂದಾಗ ನಾನು ಮೊದಲು ಅನುಮಾನಪಟ್ಟದ್ದು ಪ್ರೋಗ್ರಾಮಿನ ಮೇಲೆ. ಲಿಸ್ಟಿನಲ್ಲಿ ಹಿಂದಕ್ಕೆ ನಡೆಯಲು ಬರುವುದಿಲ್ಲವಾದ್ದರಿಂದ ಮಾನ್ವಿಯವರಿಗೆಂದು ಆ ತುದಿಯಿಂದ ಇನ್ನೊಂದು ಲಿಸ್ಟು ಬೇರೆಯೇ ಕಟ್ಟಿದ್ದೆ. ಅದರಲ್ಲಿ ಹೆಸರು ಬಿಟ್ಟುಹೋಗಿದೆಯೇ ನೋಡಿದೆ, ಇಲ್ಲ. ಕೊಂಡಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದೆ, ಸರಿಯಾಗಿದ್ದವು. ಕೊನೆಗೆ ಕಾಗದದ ಮೇಲೆ ಚುಕ್ಕೆ ಇಟ್ಟು ಎಣಿಸಿದೆ. ಮೊದಲು ಆ ಲೈನಿನಲ್ಲಿ ಹನ್ನೊಂದು ಸ್ವಿಚ್ಚು ಇದ್ದವು. ಯಾವ ತುದಿಯಿಂದ ಎಣಿಸಿದರೂ ಆರನೆಯದು ಹುಣಸೆ ಮರದ್ದೇ. ಹೋದ ತಿಂಗಳು ಮಾನ್ವಿಯ ಹತ್ತಿರ ಹೊಸ ಅಕ್ಕಿ ಗಿರಣಿಗೆ ಕನೆಕ್ಷನ್ ಕೊಡುವಾಗ ಒಂದು ಸ್ವಿಚ್ಚು ಕೂಡಿಸಿದ್ದರು. ಈಗ ಹನ್ನೆರಡು. ಹನ್ನೆರಡಕ್ಕೆ ಒಂದು ನಡು ಇಲ್ಲ, ಎರಡಿವೆ. ಓಡುವವನನ್ನು ಲೈನಿನಾಚೆ ಬೀಳುವವರೆಗೆ ಬಿಟ್ಟರೆ ನಡೆಯುವವನು ಎರಡನೇ ನಡುವಿಗೆ ಬಂದು ನಿಲ್ಲುತ್ತಾನೆ. ರಾಯಚೂರಿನಿಂದ ಹೊರಟರೆ ಹಳ್ಳದ್ದು, ಮಾನ್ವಿಯಿಂದ ಹೊರಟರೆ ಹುಣಸೆ ಮರದ್ದು. ಪ್ರೋಗ್ರಾಂ ಎರಡೂ ಸಲ ಸರಿಯಾಗಿಯೇ ಹೇಳಿತ್ತು.

ಅಷ್ಟು ತಿಳಿದು ನಾನು ಮೊದಲು ನಕ್ಕೆ. ಆಮೇಲೆ, ಊಟ ಮುಗಿಸಿ ಬರುವಾಗ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಕೇಳಿದ ಮಾತು ನೆನಪಾಯಿತು. ಮಾನ್ವಿ ಲೈನು ಅವತ್ತು ಕೆಟ್ಟಿತ್ತು. ಕುರ್ಡಿ ಕಡೆಯ ಹೊಲದವರು ಹಳ್ಳದ ಈಚೆಯ ಕಂಬದಲ್ಲಿ ಕಿಡಿ ಕಂಡೆವೆಂದು ಹೇಳಿ ಕಳಿಸಿದ್ದರು. ನರಸಿಂಗರಾಯರು ಫೋನಿನಲ್ಲಿ, “ಫಾಲ್ಟು ನಮ್ಮ ಅರ್ಧದಾಗ ಅದ. ನೀವು ನಡುವಿಂದು ತಗದು ನಿಮ್ಮ ಅರ್ಧ ಚಾಲೂ ಮಾಡಿಕೊಳ್ರಿ. ನಮ್ಮ ಯಂಕೋಬ ಹೊಂಟಾನ” ಎನ್ನುತ್ತಿದ್ದರು.

ನಾನು ಬರಿಗಾಲಲ್ಲೇ ಓಡಿದೆ.

“ಏನವ್ವಾ, ದೇವದುರ್ಗ ಮುಟ್ಟಿದನೇನು?” ನರಸಿಂಗರಾಯರು ನಗುತ್ತ ಕೇಳಿದರು.

“ರಾಯರ, ಮಾನ್ವಿಯವ್ರು ಯಾವ ಸ್ವಿಚ್ ತಗದಾರ?”

“ನಡುವಿಂದು.”

“ಹೆಸರು ಹೇಳ್ರಿ. ಯಾವುದು?”

“ಹಳ್ಳದ್ದು. ಇನ್ಯಾವುದು? ಗ್ವಾಡಿ ಮ್ಯಾಲ ನಾನಽ ಬರದೀನಿ, ನೋಡು.” ಅವರು ಅಚ್ಚುಕಟ್ಟಿನ ಮನುಷ್ಯ. ಗಿರಣಿಯ ಸ್ವಿಚ್ಚು ಬಂದ ದಿನವೇ ಮತ್ತೆ ಎಣಿಸಿ, ಗೋಡೆಯ ನಕ್ಷೆಯಲ್ಲಿ ನಡುವಿನ ಗುರುತನ್ನು ಹುಣಸೆ ಮರದಿಂದ ಹಳ್ಳಕ್ಕೆ ಸರಿಸಿದ್ದರು.

“ಅವ್ರು ಬಾಯಿಬಿಟ್ಟು ಹಳ್ಳದ್ದು ಅಂದ್ರೇನು?”

ನರಸಿಂಗರಾಯರು ಎಲೆಯಡಿಕೆ ಜಗಿಯುವುದು ನಿಲ್ಲಿಸಿದರು. ಅವರಿಗೆ ನಾನು ವಿವರಿಸಬೇಕಾಗಲಿಲ್ಲ. ನಕ್ಷೆಯ ಮೇಲೆ ಮಾನ್ವಿ ತುದಿಯಿಂದ ಬೆರಳು ಹಾಯಿಸುತ್ತ ಬಂದರು. ಬೆರಳು ಹುಣಸೆ ಮರದ ಮೇಲೆ ನಿಂತಿತು. ಮಾನ್ವಿಯವರು ತೆಗೆದದ್ದು ಹುಣಸೆ ಮರದ್ದಾದರೆ ಹಳ್ಳದ ಸ್ವಿಚ್ಚು ಹಾಗೇ ಕೂಡಿಕೊಂಡಿದೆ. ಮಾನ್ವಿಯವರು ಚಾಲೂ ಮಾಡಿದ ಕೂಡಲೇ ಕರೆಂಟು ಹಳ್ಳ ದಾಟಿ ಹುಣಸೆ ಮರದವರೆಗೆ ಬರುತ್ತದೆ. ಆ ತುಂಡಿನಲ್ಲೇ ಯಂಕೋಬ ಕಂಬದ ಮೇಲಿದ್ದಾನೆ. ಅದು ಸತ್ತ ಲೈನು ಎಂದು ನಾವೇ ಅವನಿಗೆ ಹೇಳಿ ಕಳಿಸಿದ್ದೇವೆ.

“ಸರಪಳಿ ಹಾಕಿರ್ತಾನಲ್ರೀ?” ಎಂದೆ. ತಪ್ಪಿ ಕರೆಂಟು ಬಂದರೂ ನೆಲಕ್ಕೆ ಹೋಗಲಿ ಎಂದು, ತಂತಿ ಮುಟ್ಟುವ ಮೊದಲು ಅದನ್ನು ನೆಲಕ್ಕೆ ಜೋಡಿಸುವ ಸರಪಳಿ ಅದು.

“ಎಲ್ಲಿದು? ದೇವದುರ್ಗದ ಗ್ಯಾಂಗ್ ಒಯ್ದದ ಅದನ್ನ.” ಅವರು ಆಗಲೇ ಫೋನ್ ಎತ್ತಿ ಎಕ್ಸ್‌ಚೇಂಜಿಗೆ, ಎಲ್ಲಕ್ಕಿಂತ ಮೊದಲು ಜೋಡಿಸಬೇಕಾದ ಲೈಟ್ನಿಂಗ್ ಕಾಲ್ ಎನ್ನುತ್ತಿದ್ದರು. ನಾನು ರಿಸೀವರ್ ತೆಗೆದುಕೊಂಡೆ.

“ಮಾನ್ವಿ ಸಬ್‌ಸ್ಟೇಷನ್ ಎಂಗೇಜ್ ಅದ ರೀ,” ಎಂದಳು ಎಕ್ಸ್‌ಚೇಂಜಿನ ಹೆಣ್ಣುಮಗಳು. “ದೇವದುರ್ಗದ ಜೋಡಿ ಮಾತಾಡಾಕತ್ತಾರ.”

“ಅದನ್ನ ಕಟ್ ಮಾಡಿ ನಮಗ ಕೊಡ್ರಿ.”

“ಹಂಗ ಮಾಡಾಕ ಬರಂಗಿಲ್ರೀ. ನನ್ನ ನೌಕರಿ ಹೋಕ್ಕದ.”

“ಯಕ್ಕಾ, ಒಬ್ಬ ಮನಷ್ಯಾ ಕಂಬದ ಮ್ಯಾಲ ಅದಾನ. ಅವ್ರು ಯಾವಾಗ ಬೇಕಾದ್ರೂ ಕರೆಂಟ್ ಬಿಡ್ತಾರ. ಅವಂಗ ಎರಡು ಸಣ್ಣ ಮಕ್ಕಳವ.”

ಖಟ್ ಎಂಬ ಸಪ್ಪಳ, ಮತ್ತು ಇಬ್ಬರು ಗಂಡಸರ ಧ್ವನಿ ನನ್ನ ಕಿವಿಯಲ್ಲಿ. ಅವಳ ಮುಖ ನಾನು ಎಂದೂ ನೋಡಲಿಲ್ಲ, ಹೆಸರೂ ಕೇಳಲಿಲ್ಲ.

“…ಎಮ್ಮಿ ಹಲ್ಲು ನೋಡೀರೋ ಇಲ್ಲೋ?” ಎನ್ನುತ್ತಿದ್ದ ದೇವದುರ್ಗದವನು.

“ನೋಡೀನಿ ಮಾರಾಯಾ. ಬಾಲಾನೂ ನೋಡೀನಿ. ನಿನಗ ಮೋಸ ಮಾಡ್ತೀನೇನು? ಸಾಕು, ಇಡು ಇನ್ನ. ಲೈನ್ ಚಾಲೂ ಮಾಡಬೇಕು, ಗಿರಣಿ ಮಂದಿ ಬಾಗಲಾಗ ನಿಂತು ಬೈಯಾಕತ್ತಾರ.” ಇದು ಮಾನ್ವಿಯ ಆಪರೇಟರ್ ಖಾಜಾ ಹುಸೇನ್.

ನರಸಿಂಗರಾಯರು ನನ್ನ ಕೈಯಿಂದ ರಿಸೀವರ್ ಕಸಿದುಕೊಂಡು ಕೂಗಿದರು. “ಖಾಜಾ! ಮುಟ್ಟಬ್ಯಾಡ! ಏನೂ ಮುಟ್ಟಬ್ಯಾಡ!”

“ಯಾರು? ರಾಯರ? ಏನಾತ್ರೀ?”

“ನಿಮ್ಮವ್ರು ಯಾವ ಸ್ವಿಚ್ ತಗದಾರ?”

“ನಡುವಿಂದ್ರೀ. ಹುಣಸಿ ಗಿಡದ್ದು. ಎಣಿಸೇ ತಗಿಸೀನಿ. ಯಾಕ?”

“ನಮ್ಮ ಯಂಕೋಬ ಹುಣಸಿ ಗಿಡಕ್ಕೂ ಹಳ್ಳಕ್ಕೂ ನಡುವ ಕಂಬದ ಮ್ಯಾಲ ಅದಾನ.”

ರಿಸೀವರಿನಿಂದ ದೂರ ನಿಂತಿದ್ದ ನನಗೂ ಖಾಜಾ ಹುಸೇನರ ಧ್ವನಿ ಕೇಳಿಸಿತು. “ಯಾ ಅಲ್ಲಾ” ಎಂಬ ಒಂದೇ ಮಾತು. ಖಾಜಾ ಹುಸೇನ್ ಹಳ್ಳದ ಸ್ವಿಚ್ಚನ್ನೂ ತೆಗೆಸಿ, ತೆಗೆದಿದ್ದೇವೆ ಎಂದು ಹೇಳುವವರೆಗೆ ನರಸಿಂಗರಾಯರು ಕೂರಲಿಲ್ಲ. ಆಮೇಲೆ ಕುರ್ಚಿ ಇದ್ದರೂ ನೆಲದ ಮೇಲೆ ಕೂತರು. ಚಹಾ ಬಂದು ತಣ್ಣಗಾಯಿತು.

ಯಂಕೋಬ ಒಡೆದ ಇನ್ಸುಲೇಟರ್ ಬದಲಿಸಿ, ಏನೂ ಗೊತ್ತಿಲ್ಲದೆ ಇಳಿದು, ಹಳ್ಳದಲ್ಲಿ ಮುಖ ತೊಳೆದುಕೊಂಡು ಬಂದ. ಮರುದಿನ ಕಚೇರಿಗೆ ಬಂದಾಗ ಅವನ ಎರಡೂ ಕೈಗಳನ್ನು ನೋಡಿ ನಾನು ಅತ್ತುಬಿಟ್ಟೆ.

“ಯಾಕ್ರೀ ಅಕ್ಕಾರ? ಸಾಹೇಬ್ರು ಬೈದ್ರೇನು?” ಎಂದು ಅವನು ಗಾಬರಿಯಾದ. ನರಸಿಂಗರಾಯರು ನಡೆದದ್ದನ್ನು ಹೇಳಿದರು. ಅವನು, “ಆ ಎಮ್ಮಿ ಯಾರ್ದು ಕೇಳ್ರಿ. ಅದಕ್ಕೊಂದು ಸೀರಿ ಉಡಸ್ತೀನಿ” ಎಂದ. ಎಲ್ಲರೂ ನಕ್ಕೆವು. ಅವನು ನಗುತ್ತಲೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ.

ನನಗೆ ನಿದ್ದೆ ಬಾರದಾಯಿತು. ಮಲಗಿದರೆ ‘ಎಂಗೇಜ್ ಅದ ರೀ’ ಎಂಬ ಮಾತು ಕೇಳುತ್ತಿತ್ತು. ಕನಸಿನಲ್ಲಿ ಎಮ್ಮೆಯ ಮಾತು ಬೇಗ ಮುಗಿದುಬಿಡುತ್ತಿತ್ತು. ಕಚೇರಿಯಲ್ಲಿ ಯಾವುದೇ ಲೈನು ಕೆಟ್ಟರೂ ಕಂಟ್ರೋಲ್ ರೂಮಿಗೆ ಹೋಗಿ ನಿಲ್ಲುತ್ತಿದ್ದೆ. ಏಕೆಂದರೆ ಎಣಿಸುವ ಕ್ರಮ ಇನ್ನೂ ಹಾಗೇ ಇತ್ತು. ಯಂಕೋಬ ನಾಳೆ ಮತ್ತೆ ಅದೇ ಕಂಬ ಹತ್ತಬೇಕಿತ್ತು.

ಸಾಹೇಬರ ಬಳಿ ಹೋಗಿ, ಮೇಲಿನವರಿಗೆ ಬರೆದು ಕ್ರಮ ಬದಲಿಸಬೇಕು ಎಂದೆ. ಅವರು ಒರಟು ಮಾತಿನ ಮನುಷ್ಯ. “ಏನೂ ಆಗಿಲ್ಲಲ್ರೀ, ಬಿಡ್ರಿ,” ಎಂದರು. ನಾನು ಬಿಡಲಿಲ್ಲ. ಆಗ ಅವರು ಬಾಗಿಲು ಮುಚ್ಚಿ ಕೆಳಧ್ವನಿಯಲ್ಲಿ ಹೇಳಿದರು: “ಕಾಗದ ಮ್ಯಾಲ ಹೋತಂದ್ರ ಎನ್ಕ್ವಾಯರಿ ಬರ್ತದ. ತಪ್ಪು ಯಾರದು ಅಂತ ಕೇಳ್ತಾರ. ಇಬ್ಬರೂ ಸರಿಯಾಗೇ ಎಣಿಸ್ಯಾರ ಅಂದ್ರ ಯಾರೂ ನಂಬಂಗಿಲ್ಲ. ನರಸಿಂಗರಾಯರನ್ನೋ ಖಾಜಾನನ್ನೋ ಮನಿಗೆ ಕಳಸ್ತಾರ. ಯಾರನ್ನ ಕಳಸೂಣು, ನೀವಽ ಹೇಳ್ರಿ.”

ಅವರ ಮೇಲೆ ಬಂದಿದ್ದ ಸಿಟ್ಟು ಹೋಯಿತು, ಎದ್ದು ಬಂದೆ.

ದಾರಿ ತೋರಿಸಿದ್ದು ಖಾಜಾ ಹುಸೇನ್. ರಜೆಯ ದಿನ ಮಾನ್ವಿಯಿಂದ ಬಸ್ಸು ಹತ್ತಿ ತಾವಾಗಿಯೇ ಬಂದರು. ಎತ್ತರದ, ಮೆಲುಮಾತಿನ ಮನುಷ್ಯ. ಅವರನ್ನು ನೋಡಿದ್ದು ಅದೇ ಮೊದಲು. ಕಂಟ್ರೋಲ್ ರೂಮಿಗೆ ಬಂದು ನರಸಿಂಗರಾಯರ ಎದುರು ನಿಂತರು. ಇಬ್ಬರೂ ಹದಿನೈದು ವರ್ಷ ದಿನಾ ಫೋನಿನಲ್ಲಿ ಮಾತಾಡಿದವರು, ಎದುರೆದುರು ನಿಂತದ್ದು ಅಂದೇ.

“ನಿದ್ದಿ ಹತ್ತವಲ್ದು ರಾಯರ,” ಎಂದರು ಖಾಜಾ ಹುಸೇನ್.

“ಈಕಿಗೂ ಹತ್ತವಲ್ದಂತ,” ಎಂದು ನರಸಿಂಗರಾಯರು ನನ್ನನ್ನು ತೋರಿಸಿದರು. “ನನಗ ಹತ್ತತದ, ಆದ್ರ ಹೇಂತಿ ಬಡದು ಎಬ್ಬಸ್ತಾಳ, ಕೂಗ್ತೀನಂತ.”

ನನ್ನ ಕೋಣೆಯಲ್ಲಿ ಮೂವರೂ ಕೂತೆವು. ನಾನು ಕಾಗದದ ಮೇಲೆ ನಡೆಯುವವನನ್ನೂ ಓಡುವವನನ್ನೂ ಬರೆದು ತೋರಿಸಿದೆ. ಓಡುವವನಿಗೆ ಮುಂದೆ ಎರಡು ಹೆಜ್ಜೆಗೆ ಜಾಗವಿಲ್ಲದಿದ್ದರೆ ಅಲ್ಲೇ ನಿಲ್ಲು ಎಂದರೆ ನಡೆಯುವವನು ಮೊದಲನೇ ನಡುವಿನಲ್ಲಿ ನಿಲ್ಲುತ್ತಾನೆ, ಆಚೆ ಬೀಳುವವರೆಗೆ ಹೋಗು ಎಂದರೆ ಎರಡನೆಯದರಲ್ಲಿ. ಯಾವುದನ್ನು ಇಟ್ಟುಕೊಳ್ಳೋಣ ಎಂದು ಕೇಳಿದೆ. ಎರಡೂ ಕಡೆಯವರು ರಾಯಚೂರಿನಿಂದಲೇ ಎಣಿಸಿದರೆ ಮುಗಿಯಿತಲ್ಲ ಎಂದು ನನ್ನ ಅಂದಾಜು.

ಖಾಜಾ ಹುಸೇನ್ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. “ಒಂದಽ ಯಾಕ ಬೇಕ್ರೀ? ನಡು ಎರಡು ಅವ ಅಂದ್ರ ಎರಡೂ ತಗಿಯೂಣು. ನಡುವಿನ ತುಂಡು ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಸತ್ತಽ ಇರಲಿ.”

“ಆ ತುಂಡಿನ ಊರಾಗ ಕತ್ತಲಾಗ್ತದ,” ಎಂದರು ನರಸಿಂಗರಾಯರು.

“ಆಗಲಿ. ಒಂದು ತಾಸು ದೀಪ ಹಚ್ಚಿಕೊಳ್ಳಲಿ.”

ಅಂದೇ ಪ್ರೋಗ್ರಾಂ ತಿದ್ದಿದೆ. ನಡೆಯುವವನು ನಿಂತ ಜಾಗದ ಜೊತೆಗೆ ಅವನು ಬಿಟ್ಟುಬಂದ ಹಿಂದಿನ ಜಾಗವನ್ನೂ ಒಂದು ಕಡೆ ನೆನಪಿಟ್ಟು, ಸಂಖ್ಯೆ ಸಮವಾದರೆ ಎರಡೂ ಹೆಸರು ಮುದ್ರಿಸುವಂತೆ ಮಾಡಿದೆ. ಹೆಚ್ಚಿಗೆ ಬರೆದದ್ದು ನಾಲ್ಕೈದು ಸಾಲು. ಇನ್ನು ಮುಂದೆ ಫೋನಿನಲ್ಲಿ ನಡು ಎನ್ನಬಾರದು, ಕಂಬದ ಹೆಸರು ಹೇಳಬೇಕು, ಕೇಳಿದವರು ಅದನ್ನು ತಿರುಗಿ ಹೇಳಬೇಕು ಎಂದು ಅವರಿಬ್ಬರೂ ಒಪ್ಪಿಕೊಂಡರು. ಸಾಹೇಬರು ಯಾರಿಗೂ ಬರೆಯಲಿಲ್ಲ. ಆದರೆ ಬಣ್ಣದ ಡಬ್ಬಿ ತರಿಸಿ ಯಂಕೋಬನ ಕೈಗೆ ಕೊಟ್ಟು, ಎಲ್ಲ ಸ್ವಿಚ್ಚಿನ ಕಂಬಕ್ಕೂ ಹೆಸರು ಬರೆಸಿದರು. ಪ್ರತಿ ಗ್ಯಾಂಗಿಗೂ ಬೇರೆ ಬೇರೆ ಸರಪಳಿ ಕೊಡಿಸಿದರು.

ಕಂಪ್ಯೂಟರಿನ ಮುಂದೆ ಕೂರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಈ ಲೆಕ್ಕವನ್ನು ಈಗ ಸಂದರ್ಶನದಲ್ಲಿ ಕೇಳುತ್ತಾರಂತೆ, ಸರಿಯಾಗಿ ಹೇಳಿದವರಿಗೆ ಕೆಲಸ ಕೊಡುತ್ತಾರಂತೆ. ಸಂತೋಷ. ಸಮ ಸಂಖ್ಯೆ ಬಂದಾಗ ನಿಮ್ಮ ಪ್ರೋಗ್ರಾಂ ಯಾವ ನಡುವನ್ನು ಕೊಡುತ್ತದೆ ಎಂದು ತಿಳಿದುಕೊಳ್ಳಿ. ಆಮೇಲೆ ಅದನ್ನು ಬಳಸುವವರು ಯಾವುದೆಂದು ತಿಳಿದಿದ್ದಾರೆ ಎಂದು ಹೋಗಿ ಕೇಳಿ. ಈ ಎರಡನೇ ಮಾತನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಇಷ್ಟಾದರೂ ನನ್ನ ನಿದ್ದೆ ತಿರುಗಿ ಬರಲಿಲ್ಲ. ಹೊಸ ಕ್ರಮ ಇನ್ನೂ ಮಾತಿನಲ್ಲೇ ಇತ್ತು, ಅದನ್ನು ನಂಬಿ ಒಬ್ಬ ಮನುಷ್ಯನೂ ಕಂಬ ಹತ್ತಿ ಇಳಿದಿರಲಿಲ್ಲ. ಬೇಸಿಗೆ ಬಂತು. ಒಂದು ಮಧ್ಯಾಹ್ನ ಸುಂಟರಗಾಳಿ ಎದ್ದು ಮಾನ್ವಿ ಲೈನು ಮತ್ತೆ ಬಿತ್ತು. ತಂತಿಗೆ ಈಚಲ ಗರಿ ಸಿಕ್ಕಿಕೊಂಡದ್ದು ಹುಣಸೆ ಮರದಿಂದ ಸ್ವಲ್ಪ ಆಚೆ, ಅದೇ ತುಂಡಿನಲ್ಲಿ. ಬೇರೆ ಯಾರನ್ನಾದರೂ ಕಳಿಸಿ ಎಂದು ನಾನು ನರಸಿಂಗರಾಯರಿಗೆ ಹೇಳಿದೆ. ಯಂಕೋಬ ಆಗಲೇ ಸೈಕಲ್ಲಿಗೆ ಹಗ್ಗ ಕಟ್ಟುತ್ತಿದ್ದ.

“ಆ ಕಂಬಕ್ಕ ನನ್ನ ಗುರ್ತದ ರೀ ಅಕ್ಕಾರ. ಬ್ಯಾರೇದವ್ರು ಯಾಕ?” ಎಂದು ಹೋದ.

ನಾನು ಕಂಟ್ರೋಲ್ ರೂಮಿನ ಗೋಡೆಗೆ ಒರಗಿ ನಿಂತೆ. ಫೋನಿನಲ್ಲಿ ಖಾಜಾ ಹುಸೇನರ ಧ್ವನಿ ಬಂತು. “ಹುಣಸಿ ಗಿಡದ್ದು ತಗದೀವಿ. ಹಳ್ಳದ್ದು ತಗದೀವಿ. ತಿರುಗಿ ಹೇಳ್ರಿ ರಾಯರ.”

“ಹುಣಸಿ ಗಿಡದ್ದು ತಗದೀರಿ. ಹಳ್ಳದ್ದು ತಗದೀರಿ,” ಎಂದರು ನರಸಿಂಗರಾಯರು, ಪಾಠ ಒಪ್ಪಿಸುವ ಹುಡುಗನ ಹಾಗೆ ಎದ್ದು ನಿಂತು.

ಆಮೇಲೆ ಮಾನ್ವಿಯ ಅರ್ಧ ಚಾಲೂ ಆಯಿತು. ಕಾಯುತ್ತಾ ಕೂತೆವು. ಹೊತ್ತು ಇಳಿಯುವಾಗ ಫೋನಿನ ಗಂಟೆ ಹೊಡೆಯಿತು. ಕುರ್ಡಿಯ ಅಂಚೆ ಮನೆಯಿಂದ ಯಂಕೋಬ.

“ಇಳದೀನ್ರೀ,” ಎಂದ. “ಸರಪಳಿ ಬಿಚ್ಚೀನಿ, ಹಗ್ಗಾನೂ ಸುತ್ತೀನಿ. ಅಕ್ಕಾರು ಅಲ್ಲೇ ನಿಂತಾರೇನು? ಮನಿಗೆ ಹೋಗ್ರಿ ಅಂತ ಹೇಳ್ರಿ.”

ಮನೆಗೆ ಹೋದೆ. ಊಟ ಮಾಡಿದ್ದು ಅರೆಬರೆ ನೆನಪಿದೆ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು, ಹಾಲಿನವನು ಕೂಗಿ ಕೂಗಿ ಪಕ್ಕದ ಮನೆಯಲ್ಲಿ ಹಾಲು ಕೊಟ್ಟು ಹೋಗಿದ್ದ.